ತೋಪು ಎಳೆದ ಎತ್ತು, ತೊರೆ ಬಿಡದ ಹಸು

1860ರಲ್ಲಿ ಮದ್ರಾಸ್ ಸರ್ಕಾರ ಒಂದು ಲೆಕ್ಕ ಹಾಕಿತು. ಮೈಸೂರು ಸೀಮೆಯ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ದನಗಳಿಗೆ ಖರ್ಚು ಜಾಸ್ತಿ. ಫಿರಂಗಿ ಎಳೆಯಲು ಎತ್ತು ಬೇಕಾದರೆ ಸಂತೆಯಲ್ಲಿ ಕೊಂಡರಾಯಿತು, ಅದಕ್ಕಾಗಿ ಒಂದು ಇಲಾಖೆಯನ್ನೇ ಯಾಕೆ ಸಾಕಬೇಕು? ಹೀಗೆಂದು, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅರಸರ ಕೈಯಿಂದ ಅರಸರ ಕೈಗೆ ಬಂದಿದ್ದ ಹಿಂಡನ್ನು ಒಡೆದು ಮಾರಿಬಿಟ್ಟಿತು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಒಬ್ಬ. ಆರು ವರ್ಷ ಕಳೆಯುವುದರೊಳಗೆ ಸೈನ್ಯಕ್ಕೆ ಬಿಸಿ ತಟ್ಟಿತು. ಸಂತೆಯಲ್ಲಿ ಎತ್ತು ಸಿಗುತ್ತಿತ್ತು, ಆದರೆ ಬೇಕಾಗಿದ್ದ ಎತ್ತು ಸಿಗುತ್ತಿರಲಿಲ್ಲ. 1866ರಲ್ಲಿ ಅದೇ ಸರ್ಕಾರ, ಚದುರಿಹೋದ ತಳಿಯನ್ನು ಹುಡುಕಿ ಒಟ್ಟುಮಾಡಿ, ಮತ್ತೆ ಹಿಂಡು ಕಟ್ಟಲು ಹೊರಟಿತು.

ಸಂತೆಯಲ್ಲಿ ದುಡ್ಡು ಕೊಟ್ಟರೂ ಸಿಗದೆ ಹೋದದ್ದು ಏನು? ಕೊಂಬು, ಮೈಕಟ್ಟು, ಗೊರಸು ಇವೆಲ್ಲ ಕಣ್ಣಿಗೆ ಕಾಣುವಂಥವು; ಇವನ್ನು ಆರಿಸಿ ಕೊಳ್ಳಬಹುದು. ಕೊಳ್ಳಲಾಗದ್ದು ನಡತೆ. ಸದ್ದಿಗೆ ಬೆದರದೆ, ಹಗಲು ರಾತ್ರಿ ನಡೆದು, ಪಕ್ಕದ ಜೊತೆಯನ್ನು ಬಿಡದೆ ನೊಗ ಹೊರುವ ಆ ನಡತೆ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಯಾವಾಗ ನಮ್ಮ ಕೈ ತಪ್ಪಿತು ಎಂಬುದೇ ಈ ಬರಹ.

ತುರು ಎಂದರೆ ಹಳಗನ್ನಡದಲ್ಲಿ ದನ. ತುರುವೇಕೆರೆ ಎನ್ನುವಾಗೆಲ್ಲ ನಮ್ಮ ಬಾಯಲ್ಲಿ ಆ ಹಳೆಯ ಪದ ಸುಳಿದುಹೋಗುತ್ತದೆ. ಆ ಊರಿನ ಗಂಗಾಧರೇಶ್ವರ ಗುಡಿಯಲ್ಲಿ ಕರಿಕಲ್ಲಿನ ದೊಡ್ಡ ನಂದಿಯಿದೆ. ಶತಮಾನಗಳು ಕಳೆದರೂ ಮೈಯ ಹೊಳಪು ಮಾಸಿಲ್ಲ. ಇಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ತೆಂಗು, ಕೊಬ್ಬರಿ, ಹರಾಜಿನ ದಿನದ ಧಾರಣೆ. ಆದರೆ ಈ ಸೀಮೆಯ ಹಳೆಯ ನಕ್ಷೆ ಬೇರೆಯೇ ಇತ್ತು. ಕೆರೆಯ ಹಿಂದಿನ ತಗ್ಗಿನಲ್ಲಿ ತೆಂಗು ಅಡಿಕೆ, ದಿನ್ನೆಯಲ್ಲಿ ರಾಗಿ, ಅದರಾಚೆ ಕಣ್ಣು ಹಾಯುವವರೆಗೆ ಹುಲ್ಲಿನ ಕಾವಲು. ತೋಟಕ್ಕೆ ಗೊಬ್ಬರ, ಗಾಡಿಗೆ ಎತ್ತು, ಮನೆಗೆ ಮಜ್ಜಿಗೆ, ಎಲ್ಲಕ್ಕೂ ಮೂಲ ಆ ಹುಲ್ಲು.

ಅಮೃತಮಹಲ್ ದನಗಳಲ್ಲಿ ಮೂರು ಬಗೆ ಎಂದು ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತದೆ: ಹಳ್ಳಿಕಾರ್, ಚಿತ್ರದುರ್ಗ, ಹಾಗಲವಾಡಿ. ಮೂರನೆಯದು ನಮ್ಮದು. ಹಾಗಲವಾಡಿ ಈಗ ಗುಬ್ಬಿ ತಾಲ್ಲೂಕಿನ ಒಂದು ಊರು. ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿ. ಚಿಕ್ಕನಾಯಕನಹಳ್ಳಿಗೆ ಹೆಸರು ಕೊಟ್ಟ ಚಿಕ್ಕನಾಯಕ ಆ ಮನೆತನದವನೇ. ಅವರು ಸಾಕಿದ ದನ ಮುಂದೆ ಶ್ರೀರಂಗಪಟ್ಟಣದ ಹಿಂಡಿಗೆ ಸೇರಿತು. ಪಾಳೆಯಗಾರರ ಕೋಟೆಗಳ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಅವರ ಕೊಟ್ಟಿಗೆಯ ಬಗ್ಗೆ ಬರೆದದ್ದು ಕಡಿಮೆ. ಕೋಟೆ ಬಿದ್ದುಹೋಯಿತು, ಕೊಟ್ಟಿಗೆಯ ರಕ್ತ ಇಂದಿಗೂ ಹರಿಯುತ್ತಿದೆ.

ಆ ಹಿಂಡಿನ ಮೂಲ ವಿಜಯನಗರದ ಕಾಲದ್ದು. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತರಿಸಿದ ಹಳ್ಳಿಕಾರ್ ಹಸುಗಳು ಅದರ ಬುಡ. ಕರುಹಟ್ಟಿ ಎಂದು ಅದರ ಹೆಸರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ ಹಸುಗಳೂ ಒಡೆಯರ ಪಾಲಾದವು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು, ಚಿಕ್ಕದೇವರಾಜ ಒಡೆಯರು ಹಿಂಡು ಹೆಚ್ಚಿಸಿದರು, ಅದಕ್ಕೆಂದೇ ಕಾವಲುಗಳನ್ನು ಗುರುತುಮಾಡಿ ಬಿಟ್ಟರು. ಚಿಕ್ಕದೇವರಾಜರ ಕಾಲಕ್ಕೆ ಅದು ಬೆಣ್ಣೆ ಚಾವಡಿ ಎಂಬ ಇಲಾಖೆಯಾಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಹೆಸರಿಗೆ. ಹಿಂಡಿನ ಹೋರಿಗರುಗಳ ಮೇಲೆ ಕಣ್ಣಿಟ್ಟವನು ಹೈದರಾಲಿ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಹಿಂಡು ಸಾಕುವ ಬಗೆಗೆ ಹುಕುಂನಾಮೆ ಹೊರಡಿಸಿದ. ಅವನನ್ನು ಸೋಲಿಸಿದ ಇಂಗ್ಲಿಷರು ಅವನ ಅರಮನೆ ಒಡೆದರು, ಆದರೆ ದನಗಳ ವಿಷಯದಲ್ಲಿ ಅವನ ಕಟ್ಟಳೆಗಳನ್ನೇ ಬಹುಮಟ್ಟಿಗೆ ಪಾಲಿಸಿಕೊಂಡು ಬಂದರು.

ಆ ಎತ್ತುಗಳು ಮಾಡಿದ ಕೆಲಸ ನಂಬಲು ಕಷ್ಟ. 1781ರಲ್ಲಿ ಚಿದಂಬರಕ್ಕೆ ಆಪತ್ತು ಬಂದಾಗ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಮುಟ್ಟಿದ. 1783ರಲ್ಲಿ ಬಿದನೂರನ್ನು ಮರಳಿ ಹಿಡಿಯಲು ಟಿಪ್ಪು ಒಂದೇ ತಿಂಗಳಲ್ಲಿ ಒಂದು ಕರಾವಳಿಯ ಕಡೆಯಿಂದ ಇನ್ನೊಂದರ ಕಡೆಗೆ ನಾಡನ್ನು ದಾಟಿದ. 1790ರಲ್ಲಿ ಜನರಲ್ ಮೆಡೋಸ್‌ನ ಎದುರಿಗೆ ಎರಡು ದಿನದಲ್ಲಿ 63 ಮೈಲಿ ಸಾಗಿದ. ಸೋತಾಗಲೂ ಹೈದರ್ ತೋಪುಗಳನ್ನು ಶತ್ರುವಿನ ಕಣ್ಣೆದುರೇ ಎಳೆದುಕೊಂಡು ಹೋಗುತ್ತಿದ್ದ ಎಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಫಿರಂಗಿ ಸಿಡಿಯುತ್ತದೆ, ಕುದುರೆ ಕೆನೆಯುತ್ತದೆ, ಹೊಗೆ ಕವಿಯುತ್ತದೆ; ಅದರ ನಡುವೆ ಹತ್ತಾರು ಎತ್ತು ಒಂದೇ ಹಗ್ಗಕ್ಕೆ ಒಂದೇ ಸಲ ಭುಜ ಕೊಡಬೇಕು. ಒಂದು ಬೆದರಿ ಅಡ್ಡ ತಿರುಗಿದರೆ ತೋಪೂ ಹೋಯಿತು, ಯುದ್ಧವೂ ಹೋಯಿತು.

ಇಷ್ಟಕ್ಕೂ ಇವು ಸಾಧು ಪ್ರಾಣಿಗಳಾಗಿರಲಿಲ್ಲ. ಕಾವಲಿನಲ್ಲಿದ್ದ ಅಮೃತಮಹಲ್ ಹಸು ಅರೆಕಾಡು. ಹೊಸಬರನ್ನು ಹತ್ತಿರ ಸೇರಿಸದು, ಕೊಂಬು ತಗ್ಗಿಸಿ ಮೇಲೆ ಬರುತ್ತದೆ. ಚಿರತೆ ಬಂದರೆ ಕರುಗಳನ್ನು ನಡುವೆ ಹಾಕಿಕೊಂಡು ಸುತ್ತ ನಿಲ್ಲುತ್ತದೆ. ಆದರೆ ತನ್ನ ಸೇರ್ವೆಗಾರನ ದನಿಗೆ ತಲೆಯೆತ್ತುತ್ತದೆ, ಅವನ ಹಿಂದೆ ಹತ್ತಾರು ಮೈಲಿ ನಡೆಯುತ್ತದೆ. ಸೇರ್ವೆಗಾರರೆಂದರೆ ಹಿಂಡಿನ ಹೊಣೆ ಹೊತ್ತ ಕಾವಲುಗಾರರು. ಅಪ್ಪನ ಹಿಂದೆ ಮಗ ಬಂದು, ಹಸುವಿನ ಅಜ್ಜಿಯ ಹೆಸರನ್ನೂ ಬಲ್ಲವರು.

ವರ್ಷದ ಓಡಾಟಕ್ಕೂ ಒಂದು ಕ್ರಮವಿತ್ತು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಬೇಸಿಗೆಯದು ಹೆಚ್ಚಾಗಿ ಕೆರೆಯಂಗಳ; ಜಾಲಿಯ ನೆರಳು, ಉಳಿದ ನೀರು, ನೀರಿಳಿದಂತೆ ಚಿಗುರುವ ಹುಲ್ಲು. ಮಳೆ ಬಿದ್ದೊಡನೆ ಹಿಂಡು ದಿನ್ನೆಗೆ ಹೊರಡುತ್ತಿತ್ತು. ಹೀಗೆ ನಡೆದು ನಡೆದೇ ಕರು ಹೋರಿಯಾಗುತ್ತಿತ್ತು. ನಡಿಗೆ ಅದಕ್ಕೆ ಯಾರೂ ಕಲಿಸಿದ ವಿದ್ಯೆಯಲ್ಲ, ತಾಯಿಯ ಬಾಲ ಹಿಡಿದು ಬಂದ ಬದುಕು. ಸೀಮೆಯ ಕಾಡುಗೊಲ್ಲರು ಇಂದಿಗೂ ಗಣೆ ಊದಿ ಹಾಡುವ ಜುಂಜಪ್ಪನ ಕಥೆಯಲ್ಲಿ ಬಡಮೈಲನೆಂಬ ಗೂಳಿ ಬರುತ್ತದೆ. ಆ ಗೂಳಿಗೂ ಜುಂಜಪ್ಪನಿಗೂ ಇದ್ದ ನಂಟು ಕೇಳುವವರಿಗೆ ಪವಾಡ. ದನದ ಹಿಂದೆ ಬೆಳೆದವರಿಗೆ ಅದರಲ್ಲಿ ಪವಾಡ ಕಡಿಮೆ, ದಿನನಿತ್ಯವೇ ಹೆಚ್ಚು.

1799ರಲ್ಲಿ ಟಿಪ್ಪು ಸೋತ ನಂತರ ಹಿಂಡು ಮೊದಲು ಮೈಸೂರಿನ ಆಡಳಿತದ ಕೈಯಲ್ಲೇ ಇದ್ದು ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವೆ ಅದನ್ನು ವಹಿಸಿಕೊಂಡ ಮೇಲೆ ಮತ್ತೆ ಚೇತರಿಸಿತು. ಆಮೇಲೆ ನಡೆದದ್ದು ಆಗಲೇ ಹೇಳಿದ 1860ರ ಮಾರಾಟ.

ಈಗ ಎತ್ತಿನ ಒಳಗೆ ಇಣುಕಬೇಕು.

ಹೋರಿಯನ್ನು ಎತ್ತು ಮಾಡುವ ವಿದ್ಯೆ ನೊಗದಷ್ಟೇ ಹಳೆಯದು. ನಮ್ಮ ಕಡೆ ಬೀಜ ಒಡೆಸುವುದು ಎನ್ನುತ್ತಾರೆ, ಹಿಡ ಮಾಡಿಸುವುದು ಎಂದೂ ಉಂಟು. ತುಂಬ ಎಳೆಯದರಲ್ಲೇ ಒಡೆಸಿದರೆ ಕಾಲು ಉದ್ದವಾಗಿ ಬೆಳೆಯುತ್ತದೆ, ಕತ್ತು ಹಿಣಿಲು ತುಂಬಿಕೊಳ್ಳುವುದಿಲ್ಲ. ತಡಮಾಡಿದರೆ ಕಸುವು ಬರುತ್ತದೆ, ಜೊತೆಗೆ ಗೂಳಿಯ ಚಾಳಿಯೂ ಒಂದಿಷ್ಟು ಉಳಿದುಬಿಡುತ್ತದೆ. ಈ ಎರಡರ ನಡುವಿನ ಕಾಲವನ್ನು ಹಿಡಿಯುವುದೇ ಜಾಣತನ. ರೈತನಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದ ಈ ಸಂಗತಿಯ ಕಾರಣ ವಿಜ್ಞಾನಕ್ಕೆ ಸಿಕ್ಕಿದ್ದು ಒಂದು ಕೋಳಿಗೂಡಿನಲ್ಲಿ. 1849ರಲ್ಲಿ ಜರ್ಮನಿಯ ಗ್ಯೋಟಿಂಗೆನ್ ಊರಿನ ಬೆರ್ಟೋಲ್ಡ್ ಆರು ಹುಂಜಮರಿಗಳ ಮೇಲೆ ಒಂದು ಪ್ರಯೋಗ ನಡೆಸಿ ಪ್ರಕಟಿಸಿದ. ಬೀಜ ಪೂರ್ತಿ ತೆಗೆದ ಮರಿಗಳು ಕೂಗುವುದನ್ನು ಕಲಿಯಲಿಲ್ಲ, ಕಾದಾಡಲಿಲ್ಲ, ಜುಟ್ಟು ಕೆಂಪೇರಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಬೇರೆ ಕಡೆ ನೆಟ್ಟ ಮರಿಗಳು ಮಾತ್ರ ಪೂರ್ತಿ ಹುಂಜಗಳಾದವು. ನರದ ಸಂಬಂಧವೆಲ್ಲ ಕಡಿದುಹೋಗಿದ್ದರೂ ಕೆಲಸ ನಡೆದಿತ್ತು. ಅಂದರೆ ಏನೋ ಒಂದು ರಕ್ತದಲ್ಲಿ ಹರಿದು ಹೋಗಿ ಮೈಯನ್ನೂ ಮನಸ್ಸನ್ನೂ ಮಾಡುತ್ತಿತ್ತು.

ಅದಕ್ಕೆ ಹಾರ್ಮೋನು ಎಂದು ಹೆಸರಿಟ್ಟದ್ದು 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್. ಹೋರಿಯನ್ನು ಹೋರಿ ಮಾಡುವ ಟೆಸ್ಟೋಸ್ಟಿರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ, ಅದೂ ಗೂಳಿಯ ಬೀಜದಿಂದಲೇ. 100 ಕಿಲೊ ಬೀಜ ಅರೆದು ಸೋಸಿದಾಗ ಬಂದದ್ದು 10 ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಸಾಮಗ್ರಿ ಒಂದು ಪ್ರಾಣಿಯ ಕತ್ತನ್ನು ದಪ್ಪ ಮಾಡುತ್ತದೆ, ದನಿಯನ್ನು ಒಡೆಸುತ್ತದೆ, ಎದುರಿಗೆ ಬಂದವನ ಮೇಲೆ ಹಾಯಿಸುತ್ತದೆ.

ಹಾಗಾದರೆ ಎತ್ತಿನ ನಡತೆಯೆಲ್ಲ ಬೀಜ ಒಡೆದದ್ದರಲ್ಲೇ ಇದೆಯೇ? ಇದ್ದಿದ್ದರೆ ಸಂತೆಯ ಎತ್ತೂ ತೋಪು ಎಳೆಯಬೇಕಿತ್ತು, ಅವಕ್ಕೂ ಬೀಜ ಒಡೆಸಿಯೇ ಇತ್ತು. ಫ್ರಾನ್ಸಿನ ಮರಿ ಫ್ರಾನ್ಸ್ ಬೂಯಿಸು ಎಂಬ ವಿಜ್ಞಾನಿ 1978ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಹಸುಗಳ ಗುಂಪಿನಲ್ಲಿ ಯಾವುದು ಮೊದಲು ಮೇವಿಗೆ ಬಾಯಿ ಹಾಕಬೇಕು, ಯಾವುದು ದಾರಿ ಬಿಡಬೇಕು ಎಂಬ ಅಂತಸ್ತು ಇರುತ್ತದೆ. ಕೆಳಗಿನ ಹಸುಗಳಿಗೆ ಆಕೆ ಟೆಸ್ಟೋಸ್ಟಿರಾನ್ ಚುಚ್ಚುತ್ತ ಹೋದಾಗ ಅವು ಮೇಲಕ್ಕೇರಿದವು. ಸೋಜಿಗವಿರುವುದು ಆಮೇಲೆ. ಚುಚ್ಚುವುದನ್ನು ನಿಲ್ಲಿಸಿ, ಔಷಧ ಮೈಯಿಂದ ಇಳಿದುಹೋದ ಮೇಲೂ ಗಳಿಸಿದ ಅಂತಸ್ತು ಉಳಿಯಿತು. ರಕ್ತ ಮರೆತದ್ದನ್ನು ಹಿಂಡು ನೆನಪಿಟ್ಟುಕೊಂಡಿತ್ತು. ಹಾರ್ಮೋನು ಬಾಗಿಲು ತೆರೆಯಬಹುದು, ಒಳಗೆ ಕೂರಿಸುವುದು ಜೊತೆಗಾರರು. ವಿಕ್ಟರ್ ರೈನ್‌ಹಾರ್ಟ್ ಕೀನ್ಯಾದ ಬಯಲಿನಲ್ಲಿ ನಮ್ಮ ದನಗಳಂತೆಯೇ ಹಿಣಿಲಿರುವ ಅರೆಕಾಡು ಹಿಂಡೊಂದನ್ನು ವರ್ಷಗಟ್ಟಲೆ ನೋಡಿ, ಕೆಲವು ಹಸುಗಳ ಗೆಳೆತನ ವರ್ಷ ಕಳೆದರೂ ಮುರಿಯುವುದಿಲ್ಲ ಎಂದು 1981ರಲ್ಲಿ ಬರೆದರು. ಒಟ್ಟಿಗೆ ಮೇಯುತ್ತವೆ, ಒಂದರ ಕತ್ತನ್ನು ಇನ್ನೊಂದು ನೆಕ್ಕುತ್ತದೆ. ಇದನ್ನು ಓದುವ ನಮ್ಮ ಕಡೆಯ ದನಗಾಹಿ, ಇದಕ್ಕೆ ಕೀನ್ಯಾಕ್ಕೆ ಯಾಕೆ ಹೋಗಬೇಕಿತ್ತು ಎಂದಾನು.

ಅಮೃತಮಹಲ್ ಹೋರಿಯನ್ನು ಪಳಗಿಸುತ್ತಿದ್ದ ಬಗೆಯಲ್ಲಿ ಇದೇ ತಿಳಿವು ಇತ್ತು. ಕಾಡುತನದ ಹೋರಿಗಳನ್ನು ದೊಡ್ಡಿಗೆ ಕೂಡಿ, ಹಗ್ಗ ಹಾಕಿ, ಆಮೇಲೆ ಪಳಗಿದ ಎತ್ತಿನ ಕೊರಳಿಗೆ ಜೋಡಿಸಿ ಕಟ್ಟುತ್ತಿದ್ದರು. ಹಗಲೂ ರಾತ್ರಿ ಜೊತೆ. ಹಳೆಯ ಎತ್ತು ನಡೆದರೆ ಇದೂ ನಡೆಯಬೇಕು, ಅದು ನಿಂತರೆ ನಿಲ್ಲಬೇಕು. ಬಂಡಿಯ ಸದ್ದಿಗೆ ಅದು ಬೆದರದಿದ್ದರೆ ಇದರ ಎದೆಯ ಬಡಿತವೂ ತಗ್ಗುತ್ತದೆ. ಕಲಿಸುವುದು ಮನುಷ್ಯನಲ್ಲ, ಹಿರಿಯ ಎತ್ತು. ಈ ತಳಿಗೆ ಹೊಡೆತ ಬಡಿತ ಆಗದು, ಒರಟಾಗಿ ನಡೆಸಿಕೊಂಡರೆ ಹಟಕ್ಕೆ ಬೀಳುತ್ತದೆ, ತಾಳ್ಮೆಯಿಂದ ಪಳಗಿಸಿದರೆ ಇದಕ್ಕಿಂತ ಒಳ್ಳೆಯ ಎತ್ತಿಲ್ಲ ಎಂದು ತಳಿಗಳ ಬಗ್ಗೆ ಬರೆದವರು ಮತ್ತೆ ಮತ್ತೆ ಹೇಳಿದ್ದಾರೆ. ಹಿಂಡು ಒಡೆದರೆ ಎತ್ತುಗಳ ಸಂಖ್ಯೆಯಷ್ಟೇ ಕಡಿಮೆಯಾಗುವುದಲ್ಲ, ಆ ಹಿರಿಯ ಎತ್ತಿನ ಪಾಠವೂ ನಿಲ್ಲುತ್ತದೆ. 1860ರ ಲೆಕ್ಕಪತ್ರದಲ್ಲಿ ಈ ಬಾಬತ್ತಿಗೆ ಕಲಮು ಇರಲಿಲ್ಲ. ಅಧಿಕಾರಿಗಳು ಮೂರ್ಖರಾಗಿರಲಿಲ್ಲ, ಕಾಣುವುದನ್ನಷ್ಟೇ ಎಣಿಸಿದ್ದರು.

1882ರಲ್ಲಿ ಮದ್ರಾಸ್ ಸರ್ಕಾರ ಹಿಂಡನ್ನು 2,25,000 ರೂಪಾಯಿಗೆ ಮೈಸೂರಿಗೆ ಬಿಟ್ಟುಕೊಟ್ಟಿತು. 1923ರಲ್ಲಿ ಅದು ಸೈನ್ಯದ ನಂಟು ಕಳಚಿ ಕೃಷಿ ಇಲಾಖೆಗೆ ಬಂತು. ತೋಪು ಎಳೆಯಲು ಅಷ್ಟರಲ್ಲಿ ಮೋಟಾರು ಬಂದಿತ್ತು. ಮುಂದಿನ ಕಥೆ ಎತ್ತಿನದಲ್ಲ, ಹಸುವಿನದು.

ಹಾಲು ಕರೆಯುವವರಿಗೆ ಒಂದು ಗಳಿಗೆ ಗೊತ್ತು. ಕರು ಬಿಟ್ಟೊಡನೆ ಅದು ಕೆಚ್ಚಲಿಗೆ ಗುದ್ದುತ್ತದೆ, ಹಸು ತಿರುಗಿ ಮೂಸುತ್ತದೆ. ಅರೆ ನಿಮಿಷ, ಒಂದು ನಿಮಿಷ. ಸುಕ್ಕಿದ್ದ ಮೊಲೆ ಇದ್ದಕ್ಕಿದ್ದಂತೆ ಬಿಗಿಯುತ್ತದೆ. ಇದನ್ನು ತೊರೆ ಬಿಡುವುದು ಎನ್ನುತ್ತೇವೆ. ಹೊಳೆಗೂ ಹಾಲಿಗೂ ಒಂದೇ ಪದ. ತೊರೆ ಬಿಡದ ಹಸುವಿನ ಕೆಚ್ಚಲಲ್ಲಿ ಎಷ್ಟೇ ಹಾಲಿರಲಿ, ಹಿಂಡಿದರೆ ಚೆಂಬಿನ ತಳ ಮುಚ್ಚುವುದಿಲ್ಲ. ಹೊಸಬರು ಕೂತರೆ, ನಾಯಿ ನುಗ್ಗಿದರೆ, ಬೈದರೆ, ಹೊಡೆದರೆ ಹಸು ಹಾಲು ಏರಿಸಿಕೊಳ್ಳುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದದ್ದು ಇದಕ್ಕೇ. ಸುಳ್ಳು ಕರುವನ್ನು ನೆಕ್ಕುತ್ತ ನಿಜವಾದ ತೊರೆ ಬಿಡುತ್ತಿದ್ದ ಆ ಹಸುಗಳನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ.

1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಇದರ ಗುಟ್ಟು ಬಿಡಿಸಿದರು. ಕರುವಿನ ಸ್ಪರ್ಶ ನರದ ಮೂಲಕ ಮಿದುಳಿಗೆ ಮುಟ್ಟಿದೊಡನೆ ಅಲ್ಲಿನ ಪಿಟ್ಯುಟರಿ ಗ್ರಂಥಿ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲನ್ನು ತಲುಪಿ ಹಾಲಿನ ಚೀಲಗಳನ್ನು ಹಿಂಡುತ್ತದೆ. ಅದೇ ಆಕ್ಸಿಟೋಸಿನ್. ಅವರು ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿದರು, ಪಕ್ಕದಲ್ಲಿ ಗಾಳಿ ತುಂಬಿದ ಕಾಗದದ ಚೀಲ ಒಡೆದರು. ಹಾಲು ನಿಂತಿತು. ಹೆದರಿಕೆಯ ಅಡ್ರಿನಲಿನ್ ಮೈಗೆ ಏರಿದರೆ ಆಕ್ಸಿಟೋಸಿನ್ ಆಟ ನಡೆಯದು. ಗರ್ಭಕೋಶವನ್ನು ಹಿಂಡಿ ಹೆರಿಗೆ ಮಾಡಿಸುವುದೂ ಇದೇ, ತಾಯಿಗೆ ತನ್ನ ಕರುವಿನ ವಾಸನೆಯನ್ನು ಅಚ್ಚೊತ್ತುವುದರಲ್ಲೂ ಇದರ ಕೈಯಿದೆ. 1953ರಲ್ಲಿ ದು ವಿನ್ಯೋ ಎಂಬ ರಸಾಯನ ವಿಜ್ಞಾನಿ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ, ಎರಡೇ ವರ್ಷದಲ್ಲಿ ಅವನಿಗೆ ನೊಬೆಲ್ ಬಂತು. ಹೆರಿಗೆಯ ನಂತರ ರಕ್ತ ನಿಲ್ಲದ ಎಷ್ಟೋ ತಾಯಂದಿರನ್ನು ಉಳಿಸಿದ ಔಷಧ ಅದು. ಆದರೆ ಸೀಸೆಯಲ್ಲಿ ಸಿಗುವಂತಾದ ಮೇಲೆ ಕರು ಬೇಡವಾಯಿತು.

ಬಲವಂತದ ತೊರೆ ಹೊಸದೇನಲ್ಲ. ಪಟ್ಟಣಗಳ ಗೌಳಿಗರು ಫೂಕ ಎಂಬ ಕ್ರೂರ ಪದ್ಧತಿ ನಡೆಸುತ್ತಿದ್ದರು. ಹಸುವಿನ ಯೋನಿಗೆ ಕೊಳವೆಯಿಂದ ಗಾಳಿ ಊದಿ ಹಾಲು ಇಳಿಸುವುದು. ಅವರಿಗೆ ಗೊತ್ತಿಲ್ಲದೆ ಅವರು ಕೆಣಕುತ್ತಿದ್ದದ್ದು ಇದೇ ಹಾರ್ಮೋನನ್ನು. ಗಾಂಧೀಜಿ ಹಸು ಎಮ್ಮೆಯ ಹಾಲು ಬಿಡಲು ಒಂದು ಕಾರಣ ಈ ಫೂಕದ ಸುದ್ದಿ. ಅದೇ ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟ, ಬೆಂಗಳೂರುಗಳಲ್ಲಿದ್ದಾಗ ಬೆಂಗಳೂರಿನ ಸರ್ಕಾರಿ ಡೈರಿ ಸಂಸ್ಥೆಗೆ ಹೋಗಿ ದನ ಸಾಕುವುದನ್ನು ವಿದ್ಯಾರ್ಥಿಯಂತೆ ಕಲಿತರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಫೂಕವನ್ನೂ, ಹಾಲಿಗಾಗಿ ಹಸುವಿಗೆ ಹಾನಿಯಾಗುವ ಚುಚ್ಚುಮದ್ದನ್ನೂ ಅಪರಾಧವೆಂದಿತು. ಕಾನೂನು ಬಂತು, ಸೂಜಿ ನಿಲ್ಲಲಿಲ್ಲ.

ಸೂಜಿಗೆ ಒಗ್ಗಿದ ಹಸುವನ್ನು ನೋಡಿದವರಿಗೆ ಚಟ ಎಂಬ ಪದ ತಾನಾಗಿ ಬಾಯಿಗೆ ಬರುತ್ತದೆ. ಮೊದಲು ಕರು ಸತ್ತಿತೆಂದು ನಾಲ್ಕು ದಿನ ಚುಚ್ಚುತ್ತಾರೆ. ಆಮೇಲೆ ಸೂಜಿ ಇಲ್ಲದೆ ಹಸು ತೊರೆ ಬಿಡುವುದಿಲ್ಲ. ಆಮೇಲೆ ಹಳೆಯ ಅಳತೆ ಸಾಲದು. ಬ್ರುಕ್‌ಮಾಯರ್ ಎಂಬ ವಿಜ್ಞಾನಿ 2003ರಲ್ಲಿ ಇದನ್ನು ಅಳೆದು ತೋರಿಸಿದರು. ದಿನಾ ಆಕ್ಸಿಟೋಸಿನ್ ಚುಚ್ಚಿಸಿಕೊಂಡ ಹಸುಗಳಿಗೆ ಅದನ್ನು ನಿಲ್ಲಿಸಿದಾಗ ಹಾಲು ಸರಿಯಾಗಿ ಇಳಿಯಲಿಲ್ಲ. ಮಿದುಳು ತನ್ನ ಪಾಲಿನ ಹಾರ್ಮೋನನ್ನು ಎಂದಿನಂತೆ ಬಿಡುತ್ತಲೇ ಇತ್ತು. ಅದರ ಮಾತನ್ನು ಕೇಳುವ ಶಕ್ತಿ ಕೆಚ್ಚಲಿಗೆ ಕುಂದಿತ್ತು. ಸಾರಾಯಿಗೆ ಒಗ್ಗಿದವನ ಮೈ ದಿನದಿಂದ ದಿನಕ್ಕೆ ಹೆಚ್ಚು ಕೇಳುವುದೂ ಹೆಚ್ಚುಕಡಿಮೆ ಹೀಗೆಯೇ. ಕುಡುಕನಿಗೆ ಕುಡಿಯಬೇಕೆಂಬ ಹಂಬಲವಿದೆ, ಹಸುವಿಗೆ ಸೂಜಿಯ ಹಂಬಲವಿಲ್ಲ, ಅಷ್ಟು ವ್ಯತ್ಯಾಸ. ಇಲ್ಲಿ ಹಂಬಲ ಕರೆಯುವವನದು, ಒಗ್ಗಿದ ಮೈ ಹಸುವಿನದು. ಹಾಲಿನ ಮೂಲಕ ಅದು ಮಕ್ಕಳಿಗೆ ಬರುತ್ತದೆಂದು ಹೆದರುವವರಿದ್ದಾರೆ. ಒಂಬತ್ತು ಅಮೈನೋ ಆಮ್ಲಗಳ ಆ ಸಣ್ಣ ಪೆಪ್ಟೈಡ್ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುವಂಥದು. ಅನ್ಯಾಯ ಆಗಿರುವುದು ಕುಡಿಯುವವರಿಗಲ್ಲ, ಕೊಡುವವಳಿಗೆ.

2018ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದಕ್ಕೇ ಆ ಕೆಲಸ ವಹಿಸಿತು. ಹೆರಿಗೆ ಕೋಣೆಗಳಿಗೆ ಔಷಧದ ಕೊರತೆಯಾಗುವ ಭಯದ ಮಾತು ಎದ್ದಿತು, ಆ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ನನ್ನ ಮಟ್ಟಿಗೆ ಹೈಕೋರ್ಟ್ ಹೇಳಿದ್ದು ಸರಿ. ತಾಯಂದಿರ ಔಷಧವನ್ನು ಕಿತ್ತುಕೊಂಡು ಹಸುವಿನ ಕಷ್ಟ ತೀರಿಸಲಾಗದು. ಹಸುವಿನ ಕಷ್ಟ ಸೀಸೆಯಲ್ಲಿ ಹುಟ್ಟಿದ್ದಲ್ಲ, ಗೂಟದಲ್ಲಿ ಹುಟ್ಟಿದ್ದು. ಹಿಂಡಿಲ್ಲದೆ, ಕರುವಿಲ್ಲದೆ, ನಡಿಗೆಯಿಲ್ಲದೆ ಒಂದೇ ಗೂಟಕ್ಕೆ ವರ್ಷವೆಲ್ಲ ಕಟ್ಟಿದ ಪ್ರಾಣಿಗೆ ತೊರೆ ಎಲ್ಲಿಂದ ಬರಬೇಕು?

ಇದೇ ಮಾತನ್ನು ಚಟದ ಬಗ್ಗೆ ಇಲಿಗಳ ಮೂಲಕ ಕೇಳಿದವರು ಕೆನಡಾದ ಬ್ರೂಸ್ ಅಲೆಕ್ಸಾಂಡರ್. 1970ರ ದಶಕದ ಕೊನೆಯಲ್ಲಿ ಅವರು ಕೆಲವು ಇಲಿಗಳನ್ನು ಒಂಟಿ ಪಂಜರಗಳಲ್ಲಿಟ್ಟರು, ಕೆಲವನ್ನು ಆಡಲು ಜಾಗ, ಜೊತೆಗೆ ಬಳಗ ಇರುವ ದೊಡ್ಡ ಆವರಣದಲ್ಲಿ ಬಿಟ್ಟರು. ಎರಡು ಕಡೆಗೂ ಮಾರ್ಫಿನ್ ಬೆರೆಸಿದ ಸಿಹಿನೀರು. ಪಂಜರದ ಇಲಿಗಳು ಅದನ್ನು ಬಹಳ ಹೆಚ್ಚು ಕುಡಿದವು, ಬಳಗದಲ್ಲಿದ್ದವು ಕಡಿಮೆ. ಆಮೇಲೆ ಇದನ್ನು ಮತ್ತೆ ಮಾಡಿ ನೋಡಿದವರಿಗೆಲ್ಲ ಇದೇ ಫಲಿತಾಂಶ ಬರಲಿಲ್ಲ. ತಳಿಯಿಂದ ತಳಿಗೆ ವ್ಯತ್ಯಾಸ ಕಂಡಿತು. ಆದರೂ ಪಂಜರದ ಇಲಿಯನ್ನು ನೋಡಿ ಇಲಿಯ ಸ್ವಭಾವ ಹೇಳಬಾರದು ಎಂಬ ಅವರ ಎಚ್ಚರಿಕೆ ಬಿದ್ದುಹೋಗಿಲ್ಲ. ಗೂಟದ ಹಸುವನ್ನು ನೋಡಿ ಹಸುವಿನ ಸ್ವಭಾವ ಹೇಳುವವರಿಗೂ ಅದು ಸಲ್ಲುತ್ತದೆ.

ಕಾವಲುಗಳ ಗತಿ ಏನಾಯಿತು? ಅಮೃತಮಹಲ್‌ಗೆಂದು ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ನಾಲ್ಕು ಲಕ್ಷ ಎಕರೆಗೂ ಮೀರಿದ ಹುಲ್ಲುಗಾವಲಿತ್ತು, ಅದರಲ್ಲಿ ತುಮಕೂರಿನದೂ ಸೇರಿತ್ತು. ಇಂದು ಉಳಿದಿರುವುದು ಅದರ ಒಂದು ಸಣ್ಣ ಪಾಲು. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲೇ ಆಹಾರ ಬೆಳೆಯಬೇಕೆಂದು ಒಂದಿಷ್ಟು ಹಂಚಿಹೋಯಿತು, ಭೂಮಿಯಿಲ್ಲದವರಿಗೆ ಒಂದಿಷ್ಟು, ನೀಲಗಿರಿ ಅಕೇಶಿಯಾ ತೋಪುಗಳಿಗೆ ಒಂದಿಷ್ಟು. ಚಳ್ಳಕೆರೆಯ ಸುಮಾರು 10 ಸಾವಿರ ಎಕರೆ ಕಾವಲು 2009ರ ಆಚೀಚೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಅಲ್ಲಿನ ಕುರಿ ದನ ಸಾಕುವವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಈಗ ಹೆಲಿಕಾಪ್ಟರ್ ಕಾರ್ಖಾನೆಯಿದೆ, 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯಾಯಿತು. ಊರಿಗೆ ಕೆಲಸ ಬಂದಿದೆ, ಅದಕ್ಕೆ ನಾನು ಎದುರಲ್ಲ. ಆದರೆ ಸರ್ಕಾರಕ್ಕೆ ಜಮೀನು ಬೇಕೆನಿಸಿದಾಗೆಲ್ಲ ಕಣ್ಣು ಮೊದಲು ಬೀಳುವುದು ಕಾವಲಿನ ಮೇಲೆ. ಮರವಿಲ್ಲದ್ದರಿಂದ ಅದು ಕಾಡಲ್ಲ, ಬೆಳೆಯಿಲ್ಲದ್ದರಿಂದ ಹೊಲವಲ್ಲ, ಆದ್ದರಿಂದ ಬೀಳು. ಇದು 1860ರ ಲೆಕ್ಕವೇ.

ನಮ್ಮ ತೆಂಗಿನ ಸೀಮೆಯಲ್ಲಿ ಇನ್ನೂ ಪೂರ್ತಿ ಕೈಬಿಟ್ಟಿಲ್ಲ. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಸರ್ಕಾರದ ಜಾನುವಾರು ಸಂವರ್ಧನಾ ಕೇಂದ್ರವಿದೆ, ಪಕ್ಕದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಅಜ್ಜಂಪುರದ ಅಮೃತಮಹಲ್ ಮುಖ್ಯ ಕೇಂದ್ರದವರು ವರ್ಷಕ್ಕೊಮ್ಮೆ ಹೋರಿಗರುಗಳನ್ನು ಜೋಡಿ ಮಾಡಿ ಹರಾಜು ಹಾಕುತ್ತಾರೆ, ದೂರದೂರದ ಜಿಲ್ಲೆಗಳಿಂದ ರೈತರು ಬಂದು ಕೂಗುತ್ತಾರೆ. ಬೆಲೆ ಲಕ್ಷ ದಾಟುತ್ತದೆ. ಕೊಂಡವರು ಆಮೇಲೆ ತಿಂಗಳುಗಟ್ಟಲೆ ಅವನ್ನು ಪಳಗಿಸುತ್ತಾರೆ, ಮೊದಮೊದಲು ಒದೆತ ತಿನ್ನುತ್ತಾರೆ. ಕೊನೆಗೆ ಹೋರಿ ಒಬ್ಬನ ದನಿಗೆ ಒಗ್ಗುತ್ತದೆ.

ತಳಿಯನ್ನು ವೀರ್ಯದ ಕಡ್ಡಿಗಳಲ್ಲಿ ಹೆಪ್ಪುಗಟ್ಟಿಸಿ ಇಡುವ ಕೆಲಸ ನಡೆಯುತ್ತಿದೆ, ನಡೆಯಲಿ. ಆದರೆ ಸೇರ್ವೆಗಾರನನ್ನೂ ಹಿರಿಯ ಎತ್ತನ್ನೂ ಬೇಸಿಗೆಯ ಕೆರೆಯಂಗಳವನ್ನೂ ಹಾಗೆ ಹೆಪ್ಪುಗಟ್ಟಿಸಲು ಬರುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಪಹಣಿ ತೆಗೆದು ನೋಡಿ. ಯಾವುದಾದರೂ ಸರ್ವೆ ನಂಬರಿನ ಮುಂದೆ ಅಮೃತಮಹಲ್ ಕಾವಲು ಎಂದು ಬರೆದಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದು ಹುಲ್ಲಾಗಿಯೇ ಉಳಿಯಲಿ ಎಂದು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡಿ.